ಎರವಲು ವಸಂತ

ಮಾಘ ಮಾಸ ಮುಗಿಯುತ್ತ ಬಂದಂತೆ ಮಲೆನಾಡಿನ ಮನೆನಾಯಿಯ ದಿನಚರಿ ಬದಲಾಗುತ್ತದೆ. ಬೆಳಗಿನ ಜಾವ ಅದು ಬಚ್ಚಲೊಲೆಯ ಬೂದಿಯಲ್ಲಿ ಮುದುಡಿ ಮಲಗಿರುತ್ತದೆ. ಇಬ್ಬನಿ ಆರಿದ ಮೇಲೆ ಅಂಗಳದ ಬಿಸಿಲಿಗೆ ಬರುತ್ತದೆ. ನಡುಹಗಲಿಗೆ ಬಸಳೆ ಚಪ್ಪರದ ಬುಡದಲ್ಲಿ ತೇವದ ಮಣ್ಣನ್ನು ಕೆದರಿ, ಹೊಟ್ಟೆಯನ್ನು ಆ ತಂಪಿಗೊತ್ತಿ ಬಿದ್ದುಕೊಳ್ಳುತ್ತದೆ. ಒಂದೇ ದಿನದಲ್ಲಿ ಚಳಿಗಾಲವೂ ಬೇಸಿಗೆಯೂ ಬಂದುಹೋಗುವ ಋತುಸಂಧಿ ಇದು. ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಓಡಿಹೋಗುತ್ತದೆಂಬ ಹಿರಿಯರ ಮಾತು ಈಗ ಲೆಕ್ಕಕ್ಕೆ ಸಿಗುವುದು ಅಪರೂಪ. ಒಂದು ವರ್ಷ ಚಳಿ ಸಂಕ್ರಾಂತಿಗೇ ಹೊರಟಿರುತ್ತದೆ, ಇನ್ನೊಂದು ವರ್ಷ ಶಿವರಾತ್ರಿ ಕಳೆದರೂ ಹೊಸ್ತಿಲು ಬಿಡುವುದಿಲ್ಲ. ನಾಯಿ ಮಾತ್ರ ಪಂಚಾಂಗವನ್ನು ನಂಬದೆ, ನೆಲ ಹೇಗಿದೆಯೋ ಅದಕ್ಕೆ ತಕ್ಕಂತೆ ತನ್ನ ಜಾಗವನ್ನು ಬದಲಿಸಿಕೊಳ್ಳುತ್ತದೆ.

ಅದೇ ಮನೆಯ ಯಜಮಾನನ ನಡೆ ಬೇರೆ. ಜನವರಿಯ ಫಲಪುಷ್ಪ ಪ್ರದರ್ಶನ ಮುಗಿಯುವ ಹೊತ್ತಿಗೆ ಅವನ ಮನಸ್ಸಿನಲ್ಲಿ ಉದ್ಯಾನದ ನಕ್ಷೆಯೊಂದು ಸಿದ್ಧವಾಗಿರುತ್ತದೆ. ಅಂಗಳದ ಮುಂದೆ ಹುಲ್ಲುಹಾಸು, ಅದರ ಸುತ್ತ ಪಿಟೂನಿಯಾ, ಡೇಲಿಯಾ, ಗುಲಾಬಿ. ಹಿತ್ತಲಿನ ತರಗೆಲೆಯನ್ನೆಲ್ಲ ಗುಡಿಸಿ ಬೆಂಕಿ. ನೀರು ಸಾಲದಿದ್ದರೆ ಇನ್ನೊಂದು ಕೊಳವೆಬಾವಿ. ವಾರಾಂತ್ಯದ ಅತಿಥಿಗಳನ್ನು ನೆಚ್ಚಿದ ಹೋಂಸ್ಟೇಗಳಲ್ಲಿ ಈ ನಕ್ಷೆ ಇನ್ನೂ ವಿಸ್ತಾರವಾದದ್ದು. ವಸಂತವನ್ನು ಸ್ವಾಗತಿಸುವ ಸಂಭ್ರಮವೆಂದು ಇದಕ್ಕೆ ಹೆಸರು. ಮಲೆನಾಡಿನ ಹಳ್ಳಗಳು ಅತ್ಯಂತ ಬಡವಾಗುವ ಮೂರು ತಿಂಗಳುಗಳ ಬಾಗಿಲಲ್ಲಿ ನಿಂತು ನಡೆಸುವ ಈ ಸಂಭ್ರಮಕ್ಕೆ ಬೆಲೆ ತೆರುವವರು ಯಾರು? ಇದನ್ನು ಕೇಳದೆ ಇನ್ನು ಮುಂದೆ ಯಾವ ಕೈದೋಟದ ಯೋಜನೆಯನ್ನೂ ಮೆಚ್ಚುವಂತಿಲ್ಲ.

ಯುರೋಪಿನ ಮತ್ತು ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಿ ವಸಂತಾಗಮನವೆಂದರೆ ಹೆಪ್ಪುಗಟ್ಟಿದ ನೆಲ ಕರಗುವ ಕಾಲ. ಹಿಮದ ನೀರು ಮಣ್ಣಿನಲ್ಲಿ ತುಂಬಿರುತ್ತದೆ, ಹಗಲು ದೀರ್ಘವಾಗುತ್ತ ಹೋಗುತ್ತದೆ. ಅಲ್ಲಿಯ ತೋಟಗಾರ ಫೆಬ್ರವರಿಯಲ್ಲಿ ಬೀಜದ ಪಟ್ಟಿ ಬರೆದು, ಹವೆ ನೋಡಿಕೊಂಡು ಗುದ್ದಲಿ ಹಿಡಿಯುವುದು ಯುಕ್ತವೇ ಆಗಿದೆ. ಅವನ ಯೋಜನೆ ಅವನ ನೆಲದಿಂದ ಹುಟ್ಟಿದ್ದು. ಸಹ್ಯಾದ್ರಿಯ ನೆಲಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆಯಾದರೂ ಅದರ ಬಹುಪಾಲು ಸುರಿದುಹೋಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ. ಹಿಂಗಾರು ಹಿಂದೆ ಸರಿದ ಮೇಲೆ ಹಳ್ಳದಲ್ಲಿ ಹರಿಯುವುದು, ಕಾಡಿನ ಮಣ್ಣು ಹಿಡಿದಿಟ್ಟುಕೊಂಡು ತೊಟ್ಟುತೊಟ್ಟಾಗಿ ಬಿಟ್ಟುಕೊಡುವ ಹಳೆಯ ಮಳೆ. ಮಾಘ ಫಾಲ್ಗುಣಗಳಲ್ಲಿ ಬೂರುಗ, ಮುತ್ತುಗ, ಹಾಲವಾಣಗಳು ಎಲೆಯುದುರಿಸಿ ಹೂ ತಳೆಯುವುದೂ, ಹನಿ ಮಳೆಯಿಲ್ಲದ ದಿನಗಳಲ್ಲಿ ಕಾಡುಮರಗಳು ಕೆಂಪು ಚಿಗುರಿಡುವುದೂ ನೆಲದಾಳದ ಆ ಉಳಿತಾಯದ ಬಲದಿಂದಲೇ. ಈ ಸೀಮೆಯಲ್ಲಿ ನಾಟಿಯ ಕಾಲ ಮುಂಗಾರು. ವಸಂತದ ಆರಂಭವಾದರೋ ಕೂಡಿಟ್ಟದ್ದನ್ನು ಎಣಿಸಿ, ಅಳೆದು, ಹಿತಮಿತವಾಗಿ ಖರ್ಚು ಮಾಡುವ ಕಾಲ. ಕೂಡಿಡುವ ಹೊತ್ತಿನಲ್ಲಿ ನಿದ್ರಿಸಿ, ಎಣಿಸುವ ಹೊತ್ತಿನಲ್ಲಿ ದುಂದು ಮಾಡುವುದನ್ನು ಸ್ವಾಗತವೆಂದು ಹೇಗೆ ಕರೆಯುವುದು?

ಇದಕ್ಕೆ ಹವಾಮಾನದ ಚಂಚಲತೆಯೂ ಸೇರಿಕೊಂಡಿದೆ. ಭಾರತ ಹವಾಮಾನ ಇಲಾಖೆಯ ದಾಖಲೆಗಳಂತೆ 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ತಾಪಮಾನವು 1901ರಿಂದ ಅಲ್ಲಿಯವರೆಗಿನ ಎಲ್ಲ ಫೆಬ್ರವರಿಗಳಿಗಿಂತ ಹೆಚ್ಚಾಗಿತ್ತು. 2025ರ ಫೆಬ್ರವರಿಯಲ್ಲಿ ತಿಂಗಳ ಸರಾಸರಿ ತಾಪಮಾನವೇ ಹಿಂದಿನ ದಾಖಲೆಗಳನ್ನು ಮೀರಿತು. ಮಳೆಯೂ ಶಿಸ್ತು ತಪ್ಪಿದೆ. 2021ರ ಜನವರಿಯ ಮೊದಲ ವಾರಗಳಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಅಕಾಲದ ಮಳೆ ಸುರಿದು, ಕಣದಲ್ಲಿ ಒಣಗಬೇಕಾದ ಕಾಫಿ ನೆನೆಯಿತು. ಗಿಡದಲ್ಲಿ ಹಣ್ಣು ಕೊಯ್ಯುವ ಮೊದಲೇ ಮುಂದಿನ ವರ್ಷದ ಹೂ ಅರಳಿತು. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಮಳೆಯ ತವರೆನಿಸಿದ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮಾವಿನ ಮರ ಹೂ ತುಂಬಿ ನಿಂತಿರುವಾಗ ಮೋಡ ಕವಿದರೆ, ಮಂಜು ಇಳಿದರೆ, ಜಿಗಿಹುಳವೂ ಬೂದಿರೋಗವೂ ಬೆನ್ನಟ್ಟಿ ಬರುತ್ತವೆಂಬುದನ್ನು ಅಪ್ಪೆಮಿಡಿಯ ಉಪ್ಪಿನಕಾಯಿ ಹಾಕುವ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಹವೆ ಹೀಗೆ ಕ್ಷಣಕ್ಷಣಕ್ಕೆ ಮುಖ ಬದಲಿಸುತ್ತಿರುವಾಗ, ನೀರು ಯಾವಾಗಲೂ ಇರುತ್ತದೆಂಬ ಭರವಸೆಯ ಮೇಲೆ ಉದ್ಯಾನವನ್ನು ಕಟ್ಟುವುದು ಅವಿವೇಕವೇ ಸರಿ.

ಹುಲ್ಲುಹಾಸಿನ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರ್. ಬಿಸಿಲೇರಿದ ದಿನಗಳಲ್ಲಿ ಹುಲ್ಲು ಹಸಿರಾಗಿರಲೆಂದು ದಿನಕ್ಕೆ 5 ಮಿಲಿಮೀಟರ್ ನೀರುಣಿಸಿದರೆ ಒಂದು ಗುಂಟೆಗೆ ದಿನವೊಂದಕ್ಕೆ 500 ಲೀಟರ್ ಬೇಕು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆಂದು ಗೊತ್ತುಮಾಡಿರುವ ನೀರು 55 ಲೀಟರ್. ಅಂದರೆ ದನವೂ ಮೇಯದ, ಅಡುಗೆಗೂ ಒದಗದ ಒಂದು ಗುಂಟೆ ಹುಲ್ಲು ಒಂಬತ್ತು ಜನರ ನೀರನ್ನು ಕುಡಿಯುತ್ತದೆ. ಮೇಲಿನ ಮನೆಯ ಹುಲ್ಲುಹಾಸು ಏಪ್ರಿಲ್‌ನಲ್ಲಿ ಹಸಿರಾಗಿದ್ದು, ಕೆಳಗಿನ ಕೇರಿಗೆ ಪಂಚಾಯಿತಿಯ ಟ್ಯಾಂಕರ್ ಬರುವುದಾದರೆ, ಆ ಹಸಿರನ್ನು ಪ್ರಕೃತಿಪ್ರೇಮವೆಂದು ಹೊಗಳುವ ನಾಲಗೆ ನಾಚಬೇಕು.

ದೊಡ್ಡ ತೋಟಗಳ ಲೆಕ್ಕ ಇದಕ್ಕಿಂತ ಭಾರವಾದದ್ದು. ಕಾಫಿಗೆ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೂಮಳೆ ಬೇಕು. ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ ಕಂಪು ಸೂಸುತ್ತದೆ. ಮಳೆಯನ್ನು ನಂಬಲಾಗದ ಬೆಳೆಗಾರ, ವಿಶೇಷವಾಗಿ ರೊಬಸ್ಟಾ ಬೆಳೆಯುವವನು, ಹಳ್ಳಕ್ಕೆ ಪಂಪು ಹೂಡಿ ತುಂತುರು ನೀರಾವರಿಯಿಂದ ಹೂ ಬಿಡಿಸುತ್ತಾನೆ. ಒಂದೂವರೆ ಇಂಚು ನೀರು ಕೊಡುವುದೆಂದರೆ ಎಕರೆಗೆ ಸುಮಾರು ಒಂದೂವರೆ ಲಕ್ಷ ಲೀಟರ್. ಹತ್ತು ಎಕರೆಗೆ ಹದಿನೈದು ಲಕ್ಷ. ಇದು ಅವನ ಜೀವನೋಪಾಯದ ಪ್ರಶ್ನೆ, ಹುಲ್ಲುಹಾಸಿನ ಚಪಲಕ್ಕೆ ಇದನ್ನು ಸಮೀಕರಿಸುವುದು ಅನ್ಯಾಯ ಎಂದು ಬೆಳೆಗಾರರು ವಾದಿಸುತ್ತಾರೆ. ವಾದದಲ್ಲಿ ಸತ್ಯವಿದೆ. ಹೂ ಕಚ್ಚದಿದ್ದರೆ ವರ್ಷದ ದುಡಿಮೆ ಮಣ್ಣುಪಾಲು. ಆದರೆ ಅಷ್ಟೂ ನೀರನ್ನು ಹಳ್ಳ ಅತ್ಯಂತ ಕೃಶವಾಗಿರುವ ವಾರದಲ್ಲಿಯೇ, ಇಕ್ಕೆಲದ ತೋಟದವರೆಲ್ಲರೂ ಏಕಕಾಲಕ್ಕೆ ಎತ್ತಬೇಕೆಂಬ ವಿಧಿಯೇನೂ ಇಲ್ಲ. ಜುಲೈನಲ್ಲಿ ಉಕ್ಕಿ ಹರಿಯುವ ನೀರನ್ನು ತನ್ನ ನೆಲದ ಕೆರೆಯಲ್ಲಿ ತುಂಬಿಸಿಕೊಂಡವನು ಫೆಬ್ರವರಿಯಲ್ಲಿ ಹಳ್ಳಕ್ಕೆ ಕೈ ಹಾಕಬೇಕಾಗಿಲ್ಲ. ಸರದಿಯ ಮೇಲೆ ನೀರೆತ್ತಲು ಒಪ್ಪಿದ ಊರಿನಲ್ಲಿ ಹಳ್ಳ ಪೂರ್ತಿ ಒಣಗುವ ಭಯವೂ ಕಡಿಮೆ. ಲಕ್ಷಗಟ್ಟಲೆ ಲೀಟರ್ ಎತ್ತುವ ಸಾಮರ್ಥ್ಯವುಳ್ಳವನಿಗೆ ಕೆರೆ ತೋಡಿಸುವ ಸಾಮರ್ಥ್ಯ ಇಲ್ಲವೆಂದರೆ ನಂಬುವವರಾರು?

ನೀರಿನಷ್ಟೇ ಗಂಭೀರವಾದದ್ದು ಬೆಂಕಿ. ಈ ದಿನಗಳಲ್ಲಿ ಮಲೆನಾಡಿನ ಯಾವ ರಸ್ತೆಯಲ್ಲಿ ಸಂಜೆ ಸಾಗಿದರೂ ಹಿತ್ತಲುಗಳಿಂದ ಹೊಗೆ ಏಳುತ್ತಿರುವುದು ಕಾಣುತ್ತದೆ. ತರಗೆಲೆ ಕಸವೆಂಬ ಭಾವನೆಯೂ ಎರವಲು ತಂದದ್ದೇ. ದರಕು ಎಂದು ಇಲ್ಲಿಯ ಜನ ಕರೆಯುವ ಈ ಒಣಗಿದ ಎಲೆ ಅಡಕೆ ತೋಟದ ಅನ್ನ. ಸೊಪ್ಪಿನಬೆಟ್ಟದಿಂದ ಹಸಿಸೊಪ್ಪನ್ನೂ ದರಕನ್ನೂ ತಂದು, ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿ, ಗೊಬ್ಬರವಾಗಿಸಿ ಮರದ ಬುಡಕ್ಕೆ ಸಲ್ಲಿಸುವ ಪದ್ಧತಿಯ ಮೇಲೆ ಶಿರಸಿ, ಸಿದ್ದಾಪುರ, ಸಾಗರ ಸೀಮೆಯ ತೋಟಗಾರಿಕೆ ಶತಮಾನಗಳ ಕಾಲ ನಿಂತಿದೆ. ನೆಲದ ಮೇಲೆ ಹರಡಿದ ದರಕು ಬಿಸಿಲನ್ನು ತಡೆಯುತ್ತದೆ, ತೇವವನ್ನು ಕಾಯುತ್ತದೆ, ಮೊದಲ ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ, ಕಡೆಗೆ ತಾನೇ ಮಣ್ಣಾಗುತ್ತದೆ. ಅದನ್ನು ಸುಟ್ಟು, ಅದೇ ವಾರ ಚೀಲದ ಗೊಬ್ಬರವನ್ನು ಸಾಲ ಮಾಡಿ ಕೊಳ್ಳುವ ಗೃಹಸ್ಥ ತನ್ನ ಗಂಟಿಗೆ ತಾನೇ ಕಿಚ್ಚಿಡುತ್ತಿದ್ದಾನೆ. ಹಿತ್ತಲಿನ ಕಿಡಿ ಬೇಲಿ ದಾಟಿದರೆ ಮುಂದಿನದು ಅವನ ಕೈಯಲ್ಲಿರುವುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ದಿನಗಟ್ಟಲೆ ಉರಿದದ್ದನ್ನು ನಾಡು ಕಂಡಿದೆ. ಗಾಳಿಯೆದ್ದ ಮಧ್ಯಾಹ್ನ ಒಣಹುಲ್ಲಿಗೆ ಬಿದ್ದ ಬೆಂಕಿಗೆ ಅದು ಯಾರ ಹಿತ್ತಲಿನಿಂದ ಬಂದಿತೆಂಬ ಭೇದವಿಲ್ಲ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ 'ತರಗು ಬೆಂಕಿ' ಇಡುತ್ತಿದ್ದರಲ್ಲ, ಅದರಿಂದ ಕಾಡು ಉಳಿದಿತ್ತಲ್ಲ ಎಂಬುದು ಮೊದಲನೆಯದು. ನಿಜ, ಎಲೆಯುದುರುವ ಒಣಕಾಡಿನಲ್ಲಿ, ಬೇಸಿಗೆ ಬಲಿಯುವ ಮುನ್ನ, ಕಾಡಿನ ಒಳಹೊರಗನ್ನು ಬಲ್ಲ ಜನ ಇಡುತ್ತಿದ್ದ ಮೆಲುಬೆಂಕಿ ಅದು. ಅದನ್ನು ನಿಷೇಧಿಸಿದ ಮೇಲೆ ಲಂಟಾನ ಹಬ್ಬಿತೆಂಬ ಸೋಲಿಗರ ಅನುಭವವನ್ನು ಅರಣ್ಯ ಇಲಾಖೆ ಕಿವಿಗೊಟ್ಟು ಕೇಳಬೇಕು. ಆದರೆ ಆ ಅರಿವನ್ನು ನೆಪವಾಗಿಟ್ಟುಕೊಂಡು ಮಳೆಕಾಡಿನ ಅಂಚಿನ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಸಮೇತ ಎಲೆಗುಡ್ಡೆಗೆ ಕಡ್ಡಿ ಗೀರುವವನು ಸೋಲಿಗರ ಹೆಸರನ್ನು ಕೆಡಿಸುತ್ತಾನೆ.

ಎರಡನೆಯ ಆಕ್ಷೇಪದ ಹಿಂದೆ ಸಾವಿನ ಭಯವಿದೆ. ಅದನ್ನು ಲಘುವಾಗಿ ಕಾಣುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಪ್ರತಿವರ್ಷ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಸರಿಯಾಗಿ ದರಕು ಗುಡಿಸುವ ಕಾಲದಲ್ಲಿ ಎರಗುತ್ತದೆ. ಸೋಂಕು ಹೊತ್ತ ಮರಿ ಉಣುಗುಗಳು ತರಗೆಲೆಯ ನಡುವೆ ಇರುತ್ತವೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ ದುಃಖವನ್ನು ಮಲೆನಾಡು ಮರೆಯಲಾರದು; 2024ರ ಆರಂಭದಲ್ಲಿಯೂ ಈ ರೋಗಕ್ಕೆ ಜೀವಗಳು ಬಲಿಯಾದವು. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು ತಿಳಿದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಅರವತ್ತೈದು ವರ್ಷಗಳ ಹಿಂದೆಯೇ ಗುರುತಿಸಿದ ರೋಗಕ್ಕೆ ನೆಚ್ಚತಕ್ಕ ಲಸಿಕೆಯೊಂದು ಅಂದಿಗೂ ಸಿದ್ಧವಿರಲಿಲ್ಲವೆಂಬುದು ಈ ಸೀಮೆಯ ಜನಕ್ಕೆ ಆಳುವವರು ಕೊಟ್ಟ ಬೆಲೆಯನ್ನು ಸೂಚಿಸುತ್ತದೆ. ಇಂಥ ಸ್ಥಿತಿಯಲ್ಲಿ ಕೂಲಿಯಾಳು ದರಕಿಗೆ ಹೆದರುವುದು ಸಹಜ. ಆದರೆ ಅದಕ್ಕೆ ಪರಿಹಾರ ಹಿತ್ತಲಿನ ಬೆಂಕಿಯಲ್ಲ. ದರಕನ್ನು ಚಳಿಗಾಲದ ಮೊದಲೇ ಸಂಗ್ರಹಿಸುವುದು, ಮಂಗ ಸತ್ತ ಜಾಗದತ್ತ ಸುಳಿಯದೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಮೈ ತುಂಬ ಬಟ್ಟೆ ತೊಟ್ಟು ಕೈಕಾಲಿಗೆ ಡೆಪಾ ತೈಲ ಸವರಿಕೊಂಡು ಕಾಡಿಗೆ ಹೋಗುವುದು, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನು ತೊಳೆದು ಹಾಕುವುದು, ಇವು ಮಾಡತಕ್ಕ ಕೆಲಸಗಳು. ತೋಟದ ಒಡೆಯ ತಾನು ಮನೆಯಲ್ಲಿ ಕುಳಿತು, ಬರಿಗಾಲಿನ ಹೆಣ್ಣಾಳುಗಳನ್ನು ಫೆಬ್ರವರಿಯಲ್ಲಿ ಬೆಟ್ಟಕ್ಕೆ ಕಳುಹಿಸುವುದಾದರೆ ಅದು ಕೃಷಿಯ ಹೆಸರಿನ ಕ್ರೌರ್ಯ. ತೈಲ, ಬೂಟು, ಚಿಕಿತ್ಸೆಯ ಹೊಣೆ ಅವನದು.

ಇದೇ ಪ್ರಶ್ನೆ ನಾಯಿಯ ವಿಷಯದಲ್ಲಿಯೂ ಏಳುತ್ತದೆ. ಮಲೆನಾಡಿನ ಮನೆಗೆ ನಾಯಿಯೆಂದರೆ ಕಾವಲು, ಒಡನಾಡಿ, ಹಂದಿ ಮಂಗಗಳ ದಾಳಿಗೆ ಎದುರಾಗುವ ಸೇನಾನಿ. ಅದನ್ನು ಪ್ರೀತಿಸುವೆನೆಂದು ಹೇಳಿಕೊಳ್ಳುವವನು ಅದನ್ನು ರಾತ್ರಿ ಹಗಲೆನ್ನದೆ ಕಾಡಿಗೆ ಬಿಟ್ಟು ಕೈ ತೊಳೆದುಕೊಳ್ಳುವುದೇಕೆ? ಕಾಡಿನ ಹೊಂಡಗಳು ಬತ್ತಿದ ಈ ದಿನಗಳಲ್ಲಿ ಜಿಂಕೆ, ಬರ್ಕಗಳು ನೀರನ್ನರಸಿ ತೋಟದಂಚಿಗೆ ಇಳಿಯುತ್ತವೆ. ಗುಂಪುಗೂಡಿದ ನಾಯಿಗಳು ಅವನ್ನು ಅಟ್ಟಿಸಿ ಕೊಲ್ಲುತ್ತವೆ. ಅಂಗಳದಲ್ಲಿ ಮಲಗಿದ ನಾಯಿಯನ್ನು ಹುಡುಕಿಕೊಂಡು ಚಿರತೆ ಊರೊಳಕ್ಕೆ ಬರುತ್ತದೆ, ಆಮೇಲೆ ಚಿರತೆಯ ಮೇಲೆ ದೂರು ಹೋಗುತ್ತದೆ. ನಾಯಿಯ ಡಿಸ್ಟೆಂಪರ್ ರೋಗ ಸೀಳುನಾಯಿಗೂ ಚಿರತೆಗೂ ತಗುಲಬಲ್ಲದು. ಕಾಡು ಸುತ್ತಿ ಬಂದ ನಾಯಿಯ ಮೈಮೇಲೆ ಉಣುಗುಗಳು ಜಗುಲಿಯವರೆಗೂ ಬರುತ್ತವೆ. ಪಟ್ಟಣದಿಂದ ತಂದು, ಬೇಡವಾದಾಗ ಘಟ್ಟದ ತಿರುವಿನಲ್ಲಿ ಬಿಟ್ಟುಹೋಗುವ ನಾಯಿಗಳ ಪಾಡು ಇನ್ನೊಂದು ಬಗೆಯ ಹಿಂಸೆ. ಹಿಮದ ನಾಡಿನ ದಟ್ಟ ರೋಮದ ತಳಿಗಳನ್ನು ತಂದು ಮಾರ್ಚಿನ ಬಿಸಿಲಿನಲ್ಲಿ ಅತಿಥಿಗಳ ಫೋಟೋಕ್ಕೆ ನಿಲ್ಲಿಸುವುದು ಮತ್ತೊಂದು. ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆ, ಸಂತಾನಹರಣ, ವಾರಕ್ಕೊಮ್ಮೆ ಮೈ ತಡವಿ ಉಣುಗು ತೆಗೆಯುವ ಅಭ್ಯಾಸ, ರಾತ್ರಿ ಗಟ್ಟಿ ಗೂಡು: ಇಷ್ಟನ್ನು ಕೊಡದವನ ಪ್ರಾಣಿಪ್ರೀತಿ ಬರಿಯ ಬಾಯಿಮಾತು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಈ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ಕಾಡಂಚಿನ ಪಂಚಾಯಿತಿಗಳು ಅದನ್ನು ಪಟ್ಟಣದ ಕೆಲಸವೆಂದು ತಳ್ಳಿಹಾಕಕೂಡದು.

ಹಾಗಾದರೆ ವಸಂತದ ಹೊಸ್ತಿಲಲ್ಲಿ ಮಲೆನಾಡಿಗ ಹಿತ್ತಲಿನ ಯೋಜನೆಯನ್ನೇ ಮಾಡಬಾರದೇ? ಮಾಡಬೇಕು; ಆದರೆ ಈ ನೆಲದ ಯೋಜನೆಯಾಗಿರಬೇಕು. ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ, ಅದರಾಚೆ ಕೆಸು, ಕೊನೆಗೆ ಬಾಳೆ: ಬಳಸಿದ ನೀರೇ ಮೂರು ಸಲ ಫಲ ಕೊಡುವ ಈ ಏರ್ಪಾಡನ್ನು ಮಲೆನಾಡಿನ ಹೆಂಗಸರು ಯಾವ ಪುಸ್ತಕದ ನೆರವೂ ಇಲ್ಲದೆ ರೂಪಿಸಿದರು. ಬತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿ ಸೌತೆ, ಹರಿವೆ, ಅಲಸಂದೆ ಬೆಳೆದುಕೊಂಡರು. ಸೌತೆಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಹಚ್ಚಿ, ಉಳಿದವನ್ನು ಬೂದಿಯಲ್ಲಿ ಬೆರೆಸಿಟ್ಟು ಮುಂಗಾರಿಗೆ ಕಾದರು. ಶಿರಸಿಯ ವನಸ್ತ್ರೀ ಬಳಗ ಏರ್ಪಡಿಸುತ್ತ ಬಂದ ಮಲೆನಾಡ ಮೇಳದಲ್ಲಿ ಹೆಂಗಸರು ಬೀಜ, ಗೆಡ್ಡೆಗಳನ್ನು ಹಂಚಿಕೊಳ್ಳುವುದು ಮಳೆಗಾಲದ ಹೊಸ್ತಿಲಲ್ಲಿ, ಫೆಬ್ರವರಿಯಲ್ಲಲ್ಲ; ನೆಲವನ್ನು ಬಲ್ಲವರ ಕಾಲಜ್ಞಾನ ಅದು. ಹೂ ಬೇಕೆನ್ನುವವನಿಗೆ ದಾಸವಾಳ, ಮಲ್ಲಿಗೆ, ಅಬ್ಬಲಿಗೆಗಳಿಲ್ಲವೇ? ಗಿಡಗಳ ಬುಡಕ್ಕೆ ದರಕು ಮುಚ್ಚುವುದು, ಬಾವಿಯ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಅಳೆದು ಬರೆದಿಡುವುದು, ಹಕ್ಕಿಗಳಿಗೂ ನಾಯಿಗೂ ನೆರಳಿನಲ್ಲಿ ನೀರಿಡುವುದು, ಮಳೆಗಾಲಕ್ಕೆ ಇಂಗುಗುಂಡಿಗಳ ಜಾಗವನ್ನು ಗುರುತಿಸುವುದು: ಈ ಋತು ಕೇಳುವ ಕೆಲಸ ಇದು.

ಇದು ಒಬ್ಬೊಬ್ಬರ ಹಿತ್ತಲಿನಲ್ಲಿಯೇ ಮುಗಿಯುವ ಮಾತೂ ಅಲ್ಲ. ಪ್ರತಿ ಗ್ರಾಮಸಭೆಯೂ ಸಂಕ್ರಾಂತಿಯೊಳಗೆ ಸೇರಿ ಆ ವರ್ಷದ ಹಳ್ಳದ ನೀರಿನ ಸರದಿಯನ್ನು ನಿರ್ಧರಿಸಬೇಕು. ಕುಡಿಯುವ ನೀರಿಗೆ ಮೊದಲ ಹಕ್ಕು, ಬೆಳೆಗೆ ಎರಡನೆಯದು. ಹುಲ್ಲುಹಾಸಿಗೂ ಈಜುಕೊಳಕ್ಕೂ ಜೂನ್‌ವರೆಗೆ ಹಕ್ಕೇ ಇಲ್ಲವೆಂದು ಠರಾವಾಗಬೇಕು. ಹೋಂಸ್ಟೇಗಳು ತಾವು ಎತ್ತುವ ನೀರಿನ ಲೆಕ್ಕವನ್ನು ಪಂಚಾಯಿತಿಗೆ ಒಪ್ಪಿಸಬೇಕು. ಎಲೆ ಸುಡುವವನಿಗೆ ದಂಡ ಹಾಕುವ ಮೊದಲು ಎಲೆ ಬೇಕಾದವನಿಗೆ ಅದನ್ನು ತಲುಪಿಸುವ ವ್ಯವಸ್ಥೆಯಾಗಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ರಚನೆಯಾಗಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಕಾಗದದಿಂದ ಎದ್ದು ಬಂದು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಮಂಗನ ಕಾಯಿಲೆಗೆ ಯೋಗ್ಯ ಲಸಿಕೆಯನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಪ್ರತಿ ಸಭೆಯಲ್ಲಿಯೂ ದಾಖಲಾಗಬೇಕು.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡಾಗ ಆ ಚಳವಳಿ ನಾಡಿಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಆ ಮೂರರ ಅನುಕ್ರಮದಲ್ಲಿಯೇ ಅದರ ಅರ್ಥವಿದೆ. ಎರವಲು ವಸಂತ ಆ ಕ್ರಮವನ್ನು ತಲೆಕೆಳಗು ಮಾಡಿ, ಬಳಸುವುದರಿಂದ ಆರಂಭಿಸಿ ಬಳಸುವುದರಲ್ಲಿಯೇ ಮುಗಿಸುತ್ತದೆ. ಅಂದು ಎದುರಿಗಿದ್ದದ್ದು ಗುತ್ತಿಗೆದಾರನ ಕೊಡಲಿ. ಅದನ್ನು ಗುರುತಿಸುವುದು ಸುಲಭವಾಗಿತ್ತು. ಇಂದು ಹಳ್ಳವನ್ನು ಬತ್ತಿಸುತ್ತಿರುವುದು ತಮ್ಮವರದೇ ಅಂಗಳದ ನಲ್ಲಿ, ಕಾಡಿನಂಚನ್ನು ಸುಡುತ್ತಿರುವುದು ತಮ್ಮವರದೇ ಕೈಯ ಬೆಂಕಿಕಡ್ಡಿ. ಆ ನಲ್ಲಿಯನ್ನು ತಿರುಗಿಸಿ ನಿಲ್ಲಿಸಲು ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಯುಗಾದಿಗೆ ಇನ್ನೂ ಕೆಲವು ವಾರಗಳಿವೆ. ಆ ಕೆಲಸ ಅಷ್ಟರೊಳಗೆ ಆಗಬೇಕು.